ಗಿಸೆಲ್ ಗುರುತಿಸಿದ ಹೊಲಿಗೆ

ಜನ್ನಾಪುರದ ಮನೆಯಲ್ಲಿ ಕೂತು ಬ್ಯಾಲೆ ನೋಡಿದೆವು ಅಂದರೆ ನಗುವವರೇ ಹೆಚ್ಚು. ಆ ಕುಣಿತ ಬೆಳೆದದ್ದು ಯುರೋಪಿನ ಅರಮನೆಗಳಲ್ಲಿ. ನಮ್ಮ ಭದ್ರಾವತಿ ಬೆಳೆದದ್ದು ಕಬ್ಬಿಣದ ಕುಲುಮೆಯ ಸುತ್ತ. ಆದರೂ ಅಕ್ರಂ ಖಾನ್ 2016ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ತಂಡಕ್ಕೆ ಕಟ್ಟಿಕೊಟ್ಟ ‘ಗಿಸೆಲ್’ನ ಚಿತ್ರೀಕರಣವನ್ನು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದ ಅಕ್ಕನ ಜೊತೆ ನೋಡಿದಾಗ, ಇದು ನಮ್ಮ ಚರಿತ್ರೆಯ ಪ್ರಶ್ನೆಯೂ ಹೌದಲ್ಲ ಅನ್ನಿಸಿತು.

ಮೂಲ ‘ಗಿಸೆಲ್’ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದದ್ದು 1841ರಲ್ಲಿ. ದೊರೆಯೊಬ್ಬ ಹಳ್ಳಿಯವನ ವೇಷ ಹಾಕಿ ರೈತರ ಹುಡುಗಿಯನ್ನು ಒಲಿಸಿಕೊಳ್ಳುತ್ತಾನೆ. ಅವನ ಅಂತಸ್ತಿನ ಹೆಣ್ಣೊಬ್ಬಳು ಅವನಿಗೆ ಮೊದಲೇ ನಿಶ್ಚಯವಾಗಿದ್ದಾಳೆ. ನಿಜ ತಿಳಿದ ಹುಡುಗಿ ಬುದ್ಧಿ ಕೆಟ್ಟು ಸಾಯುತ್ತಾಳೆ. ಸತ್ತ ಮೇಲೂ ಬಿಡುಗಡೆಯಿಲ್ಲ. ಮೋಸಹೋಗಿ ಸತ್ತ ಹೆಣ್ಣುಗಳ ಪ್ರೇತಗಳು ಅವನನ್ನು ಕೊಲ್ಲಲು ಬಂದರೆ ಇವಳೇ ಅಡ್ಡ ನಿಂತು ಉಳಿಸಬೇಕು! ಇದನ್ನೇ ಪ್ರೇಮದ ಪರಾಕಾಷ್ಠೆ ಎಂದು ಮೆಚ್ಚಿಕೊಂಡು ಬರಲಾಗಿದೆ.

ಬಾಂಗ್ಲಾದೇಶದಿಂದ ಲಂಡನ್ನಿಗೆ ಹೋದ ಕುಟುಂಬದಲ್ಲಿ ಹುಟ್ಟಿ ಕಥಕ್ ಕಲಿತ ಅಕ್ರಂ ಖಾನ್, ಹಳ್ಳಿಯ ಜಾಗದಲ್ಲಿ ಮುಚ್ಚಿದ ಬಟ್ಟೆ ಕಾರ್ಖಾನೆಯೊಂದನ್ನು ತಂದಿಟ್ಟರು. ದೊಡ್ಡ ಗೋಡೆಯ ಒಂದು ಬದಿ ಕೆಲಸ ಕಳಕೊಂಡ ವಲಸೆ ಕೂಲಿಗಳು, ಇನ್ನೊಂದು ಬದಿ ಒಡೆಯರು. ಕೂಲಿಗಳಿಗೆ ಅಲ್ಲಿ ಇಟ್ಟ ಹೆಸರೇ ‘ಹೊರಗಿಟ್ಟವರು’. ಒಡೆಯರು ಬಂದಾಗ ಇವರು ಕುಣಿದು ರಂಜಿಸಬೇಕು. ಆಗ ಒಡತಿಯ ಬೆಲೆಬಾಳುವ ಉಡುಪಿನಲ್ಲಿ ಗಿಸೆಲ್ ತನ್ನದೇ ಕೈಕೆಲಸವನ್ನು ಗುರುತಿಸುತ್ತಾಳೆ.

“ಅಲ್ಲೇ ನಿಲ್ಸು” ಅಂದಳು ಅಕ್ಕ. “ನಾವು ಹೊಲ್ದಿದ್ದನ್ನ ಯಾರು ಹಾಕ್ಕೊಂಡ್ರು ಅಂತ ಒಂದಿನಾನೂ ನೋಡ್ಲಿಲ್ಲ ಕಣೋ.”

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಗಿಸೆಲ್ಲಳ ಜನ ಕೆಲಸ ಹೋದದ್ದರಿಂದ ಹೊರಗಾದವರು. ನಮ್ಮವರು ಕೆಲಸ ಮಾಡಿದ್ದಕ್ಕೇ ಹೊರಗಾದವರು. ಹನ್ನೆರಡನೇ ಶತಮಾನದ ಕಲ್ಯಾಣದ ಕಥೆ ತೆಗೆದುಕೊಳ್ಳಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಲಂಕೇಶರ ‘ಸಂಕ್ರಾಂತಿ’ಯಿಂದ ಕಾರ್ನಾಡರ ‘ತಲೆದಂಡ’ದವರೆಗೆ ಕನ್ನಡ ನಾಟಕ ಆ ಕಲ್ಯಾಣಕ್ಕೆ ಮತ್ತೆ ಮತ್ತೆ ಹೋಗಿ ಬಂದಿದೆ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರೆಂಬ ಐತಿಹ್ಯವನ್ನು ನಾವು ಭಕ್ತಿಯೆಂದು ಓದಿದ್ದೇವೆ. ಆ ಭಕ್ತಿಯನ್ನು ಕೊಂಡಾಡಿದ ಸಮಾಜ ಚರ್ಮ ಹದಮಾಡುವ ಕೈಯನ್ನು ಮಾತ್ರ ಊರ ಹೊರಗೇ ಇಟ್ಟಿತು. ತ್ಯಾಗಕ್ಕೆ ಗೌರವ, ಕಸುಬಿಗೆ ಹೊಲೆ! ಇದು ಯಾವ ನ್ಯಾಯ?

ಬ್ಯಾಲೆಯ ಎರಡನೇ ಭಾಗ ಪಾಳುಬಿದ್ದ ಕಾರ್ಖಾನೆಯಲ್ಲಿ ನಡೆಯುತ್ತದೆ. ಇಲ್ಲಿ ಪ್ರೇತಗಳೆಂದರೆ ಅಲ್ಲೇ ದುಡಿದು ಸತ್ತ ಹೆಣ್ಣಾಳುಗಳು. ಢಾಕಾ ಬಳಿಯ ರಾಣಾ ಪ್ಲಾಜಾ 2013ರಲ್ಲಿ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತದ್ದು ನೆನಪಾಗದೆ ಇರದು. ಬೆರಳ ತುದಿಯ ಮೇಲೆ ನಿಲ್ಲುವ ಬ್ಯಾಲೆಯ ಹಗುರ ನಡೆ ಈ ಹೆಣ್ಣುಗಳಿಗೆ ಸಿಗುವುದು ಸತ್ತ ಮೇಲೆ. ಅವರ ಸೇಡು ನ್ಯಾಯವಾದದ್ದೇ. ಆದರೆ ಇಲ್ಲೂ ಗಿಸೆಲ್ ಕ್ಷಮಿಸುತ್ತಾಳೆ. ಹಳ್ಳಿಯನ್ನೂ ವರ್ಗವನ್ನೂ ಬದಲಿಸಿದ ಅಕ್ರಂ ಖಾನರಿಗೆ ಈ ಕ್ಷಮೆಯನ್ನು ಮುಟ್ಟಲಾಗಲಿಲ್ಲ. ಕ್ಷಮಿಸುವ ದುಡಿಮೆಯೂ ಕೆಳಗಿನವರ ಪಾಲಿಗೇ ಬಿತ್ತು. ನನ್ನ ತಕರಾರು ಇದು.

ಅದೇ 2016ರ ಏಪ್ರಿಲಿನಲ್ಲಿ, ಭವಿಷ್ಯನಿಧಿ ಹಣ ತೆಗೆಯದಂತೆ ಕೇಂದ್ರ ಸರ್ಕಾರ ತಂದ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಿದ್ದರು. ಲಾಠಿ ಬಿತ್ತು, ನಿಯಮ ವಾಪಸಾಯಿತು. ಅವರೂ ಹೊಲಿಗೆಯವರೇ, ಆದರೆ ಯಾವ ದೊರೆಯನ್ನೂ ಉಳಿಸಲು ಹೋದವರಲ್ಲ.

ಬಿ. ಕೃಷ್ಣಪ್ಪನವರು ಪಾಠ ಹೇಳಿದ, ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಮೊಳೆತ ಊರು ನಮ್ಮದು. ಕಾಗದದ ಕಾರ್ಖಾನೆ 2015ರಲ್ಲಿ ನಿಂತದ್ದನ್ನೂ, ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರಲ್ಲಿ ಬಂದದ್ದನ್ನೂ ಕಂಡ ಊರು. ಪರದೆ ಬಿದ್ದ ಮೇಲೆ ಅಕ್ಕ ಕೇಳಿದ್ದು ಇಷ್ಟೇ: “ಕ್ಷಮ್ಸಿದ್ಲು, ಆಯ್ತು. ಅವ್ರಿಗೆಲ್ಲ ಬಾಕಿ ಸಂಬ್ಳ ಕೊಟ್ರಾ?” ಪ್ರೇಮಕಥೆಗಳ ಚರಿತ್ರೆಯನ್ನು ನಾವು ಬರೆಯುವುದಾದರೆ ಈ ಪ್ರಶ್ನೆಯಿಂದ ಶುರುಮಾಡಬೇಕು.