ಕಾಲೇಜು ವಿದ್ಯಾರ್ಥಿ ಸಂಘ: ಬಂದ ದಾರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ವಲಯಗಳ ನಮ್ಮ ಯುವಜನರಲ್ಲಿ ಅನೇಕರು ಊರ ಕಾಲೇಜುಗಳಲ್ಲೇ ಕಲಿಯುತ್ತಾರೆ. ಅವರಲ್ಲಿ ಯಾರಾದರೂ ವಿದ್ಯಾರ್ಥಿ ಸಂಘದ ಅಧ್ಯಕ್ಷರೋ ಕಾರ್ಯದರ್ಶಿಯೋ ಆದಾಗ ಚರ್ಚಿನಲ್ಲಿ ಅಭಿನಂದಿಸುತ್ತೇವೆ. ಆ ಸಂಘದ ಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಕೊಡುತ್ತಿದ್ದೇವೆ.

ಮೂಡುಬಿದಿರೆಯ ಶ್ರೀ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯ ಎಸ್.ಡಿ.ಎಂ. ಕಾಲೇಜು 1966ರಲ್ಲಿ, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು 1968ರಲ್ಲಿ ಆರಂಭವಾದವು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ತನಕ ಈ ಭಾಗದ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು.

1989ರಲ್ಲಿ ರಾಜ್ಯ ಸರಕಾರವು ಕ್ಯಾಂಪಸ್ ಹಿಂಸೆಯ ಕಾರಣಕ್ಕೆ ಕಾಲೇಜು ಚುನಾವಣೆಗಳನ್ನು ನಿಷೇಧಿಸಿತು. ವಿಚಿತ್ರವೆಂದರೆ, ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ ಅದೇ ವರ್ಷ ಮಾರ್ಚ್ 28ರಂದು. ಲೋಕಸಭೆಗೆ ಮತ ಹಾಕುವ ಹಕ್ಕು ಬಂತು, ಕಾಲೇಜಿನಲ್ಲಿದ್ದದ್ದು ಹೋಯಿತು! ಆದರೂ ಕರಾವಳಿಯ ಹಲವು ಕಾಲೇಜುಗಳಲ್ಲಿ ತರಗತಿ ಪ್ರತಿನಿಧಿಗಳನ್ನು ಆರಿಸಿ, ಅವರ ಮೂಲಕ ಪದಾಧಿಕಾರಿಗಳನ್ನು ನೇಮಿಸುವ ಕ್ರಮ ಉಳಿದುಕೊಂಡಿತು. ಕೆಲವೆಡೆ ಅಂಕ ನೋಡಿ ಪ್ರಾಂಶುಪಾಲರೇ ನೇಮಿಸುತ್ತಾರೆ. ಇದರಲ್ಲಿ ಜಗಳ ಕಡಿಮೆ, ನಿಜ. ಆದರೆ ಬಸ್ ಪಾಸ್, ಶೌಚಾಲಯ, ಶುಲ್ಕದ ವಿಷಯ ಮಾತನಾಡಲು ಧೈರ್ಯವಿರುವವರು ಅಂಕದಲ್ಲಿ ಮುಂದಿರಬೇಕೆಂದೇನೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ನೇರ ಚುನಾವಣೆಯೋ, ಪ್ರತಿನಿಧಿಗಳ ಮೂಲಕವೋ ಎಂಬ ಇದೇ ಪ್ರಶ್ನೆ ನೆರೆಯ ಕೇರಳದಲ್ಲಿ ನ್ಯಾಯಾಲಯಕ್ಕೆ ಹೋಯಿತು. ಕಾಲೇಜು ಪ್ರಾಂಶುಪಾಲರ ಮಂಡಳಿ ಮತ್ತು ಕೇರಳ ವಿಶ್ವವಿದ್ಯಾನಿಲಯದ ನಡುವಿನ ಆ ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿದಾಗ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ ರಚನೆಯಾಯಿತು. ಸಮಿತಿಯ ಶಿಫಾರಸುಗಳನ್ನು ನ್ಯಾಯಾಲಯ 2006ರ ಸೆಪ್ಟೆಂಬರ್ 22ರಂದು ಅಂಗೀಕರಿಸಿತು. ಪದವಿ ವಿದ್ಯಾರ್ಥಿಯಾದರೆ ಅಭ್ಯರ್ಥಿಯ ವಯಸ್ಸು 17ರಿಂದ 22. ಹಾಜರಿ ಕನಿಷ್ಠ ಶೇ. 75, ಖರ್ಚು 5,000 ರೂಪಾಯಿಯೊಳಗೆ, ಮುದ್ರಿತ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ವಾತಾವರಣ ಅನುಕೂಲವಿಲ್ಲದಲ್ಲಿ ತಾತ್ಕಾಲಿಕವಾಗಿ ನೇಮಕಕ್ಕೂ ಅವಕಾಶವಿದೆ.

ಇದಕ್ಕಿಂತ ಹಳೆಯದು ಕಥೋಲಿಕ ವಿದ್ಯಾರ್ಥಿಗಳ ಸಂಘಟನೆಯಾದ ಐಕಫ್. ಜೆಸ್ವಿಟ್ ಧರ್ಮಗುರು ವಂ. ಕಾರ್ಟಿ ಅವರು ಮದ್ರಾಸಿನಲ್ಲಿ 1924ರಲ್ಲಿ ಆರಂಭಿಸಿದ ಇದು ಕಾಲೇಜು ಸಂಘವಲ್ಲ. ಎರಡನ್ನೂ ಒಂದೇ ಎಂದು ತಿಳಿಯುವವರಿರುವುದರಿಂದ ಇಲ್ಲಿ ಹೇಳಿದ್ದೇವೆ.

ಕಾಲೇಜು ಚುನಾವಣೆಗಳನ್ನು ಮತ್ತೆ ಆರಂಭಿಸುವ ಮಾತು 2025ರಲ್ಲಿ ರಾಜ್ಯದಲ್ಲಿ ಎದ್ದಿತು. ಸ್ಪರ್ಧಿಸಲು ಬಯಸುವವರು ಮೊದಲು ತಮ್ಮ ಕಾಲೇಜಿನ ಸಂಘದ ನಿಯಮಾವಳಿಯನ್ನು ಕೇಳಿ ಪಡೆದು ಓದಿಕೊಳ್ಳಲಿ.