ಹತ್ತಿರದ ಜೀವಿ, ದೂರದ ಪ್ರಶ್ನೆ: ಅಂಗ ಮರುಬೆಳವಣಿಗೆಯ ಸಂಶೋಧನೆ ನಡೆದುಬಂದ ದಾರಿ

ಪ್ರಸ್ತಾವನೆ

ಬಾಲ ಕಳಚಿಟ್ಟು ಓಡಿದ ಹಲ್ಲಿಯನ್ನು ನೋಡದ ಮನೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿಯಲ್ಲಿ ಇರಲಾರದು. ಹೊಲದ ಬದುವಿನಲ್ಲಿ ಹರಿದಾಡುವ ಹಾವುರಾಣಿಯೂ ಹೀಗೆಯೇ ಬಾಲ ಬಿಟ್ಟು ಜೀವ ಉಳಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಮೊಂಡು ಜಾಗದಿಂದ ಹೊಸ ಬಾಲ ಚಿಗುರುತ್ತದೆ. ಆದರೆ ಅದು ಹಳೆಯ ಬಾಲದ ಪಡಿಯಚ್ಚಲ್ಲ. ಮೊದಲಿನ ಬಾಲದಲ್ಲಿ ಸಾಲಾಗಿ ಕಶೇರುಮಣಿಗಳಿದ್ದರೆ, ಹೊಸ ಬಾಲದ ಒಳಗೆ ಮೃದ್ವಸ್ಥಿಯ ಕೊಳವೆ ಮಾತ್ರ ಇರುತ್ತದೆ. ಕೆಲವು ಪ್ರಾಣಿಗಳು ಕಳೆದುಕೊಂಡದ್ದನ್ನು ಪೂರ್ತಿ ಮರಳಿ ಪಡೆಯುತ್ತವೆ, ಕೆಲವು ಅರೆಬರೆಯಾಗಿ ಪಡೆಯುತ್ತವೆ, ನಮ್ಮಂಥವು ಗಾಯ ಮುಚ್ಚಿಕೊಂಡು ಸುಮ್ಮನಾಗುತ್ತವೆ. ಈ ಭೇದ ಏಕೆಂಬುದು ಮೂರು ಶತಮಾನಗಳಿಂದ ಜೀವವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ.

ಈ ಸಂಶೋಧನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯಾಗಿ ಹೇಳಲಾಗುತ್ತದೆ: ಮೊದಲು ಸೂಕ್ಷ್ಮದರ್ಶಕ, ಆಮೇಲೆ ಕ್ಷಕಿರಣ, ಕೊನೆಗೆ ಜೀನ್ ತಂತ್ರಜ್ಞಾನ. ಪ್ರಸ್ತುತ ಲೇಖನ ಅದನ್ನು ಪ್ರಾಣಿಗಳ ಆಯ್ಕೆಯ ಚರಿತ್ರೆಯಾಗಿ ಓದುತ್ತದೆ. ಸಂಶೋಧಕ ಯಾವ ಜೀವಿಯನ್ನು ಎದುರಿಗಿಟ್ಟುಕೊಂಡನೋ ಅದಕ್ಕೆ ತಕ್ಕಂತೆ ಅವನ ಪ್ರಶ್ನೆಯೂ ಬದಲಾಯಿತು. ಭಾರತದ ಪ್ರಯೋಗಾಲಯಗಳ ಕೊಡುಗೆಯನ್ನು ಸರಿಯಾಗಿ ಅಳೆಯಲು ಈ ದೃಷ್ಟಿ ಬೇಕು.

ಮೇಷ್ಟರ ಗಾಜಿನ ಪಾತ್ರೆ

1712ರಲ್ಲಿ ಫ್ರಾನ್ಸಿನ ರೆಯೋಮೂರ್, ಸಿಹಿನೀರಿನಲ್ಲಿ ಬದುಕುವ, ಸೀಗಡಿಯ ದೂರದ ಸಂಬಂಧಿಯಾದ ಕ್ರೇಫಿಶ್‌ನಲ್ಲಿ ಮುರಿದ ಕಾಲು ಮತ್ತೆ ಬೆಳೆಯುವುದನ್ನು ದಾಖಲಿಸಿದ. ಆದರೆ ಈ ವಿಷಯ ಯುರೋಪಿನ ಚಿಂತನೆಯನ್ನು ಅಲುಗಾಡಿಸಿದ್ದು 1740ರಲ್ಲಿ. ಅದಕ್ಕೆ ಕಾರಣನಾದವನು ಅಬ್ರಹಾಂ ಟ್ರೆಂಬ್ಲೆ ಎಂಬ ಮನೆಮೇಷ್ಟರು. ಹೇಗ್ ನಗರದ ಬಳಿ ಬೆಂಟಿಂಕ್ ಮನೆತನದ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದ ಅವನು ಹಳ್ಳದ ನೀರು ತಂದು ಗಾಜಿನ ಪಾತ್ರೆಯಲ್ಲಿಟ್ಟು ನೋಡುತ್ತಿದ್ದ. ಜಲಸಸ್ಯಕ್ಕೆ ಅಂಟಿಕೊಂಡಿದ್ದ ಹಸಿರು ಬಣ್ಣದ ಪುಟ್ಟ ಜೀವಿಯೊಂದು ಗಿಡವೋ ಪ್ರಾಣಿಯೋ ಎಂದು ತೀರ್ಮಾನಿಸಲು ಅದನ್ನು ಅಡ್ಡಲಾಗಿ ಕತ್ತರಿಸಿದ. ಎರಡು ತುಂಡೂ ಎರಡು ಪೂರ್ಣ ಜೀವಿಗಳಾದವು. ಗಿಡವೇ ಇರಬೇಕೆನಿಸಿತು. ಆದರೆ ಅದು ನಡೆಯುತ್ತಿತ್ತು, ಬೇಟೆ ಹಿಡಿದು ನುಂಗುತ್ತಿತ್ತು. ಅದೇ ಹೈಡ್ರಾ.

ಮೊಟ್ಟೆಯೊಳಗೆ ಪೂರ್ಣ ರೂಪದ ಪುಟ್ಟ ಪ್ರಾಣಿ ಮೊದಲೇ ಅಡಗಿರುತ್ತದೆ, ಬೆಳವಣಿಗೆ ಎಂದರೆ ಅದು ದೊಡ್ಡದಾಗುವುದಷ್ಟೇ ಎಂಬ ನಂಬಿಕೆ ಅಂದು ಬಲವಾಗಿತ್ತು. ಕತ್ತರಿಸಿದ ತುಂಡೇ ಹೊಸ ತಲೆಯನ್ನು ಕಟ್ಟಿಕೊಂಡಿತೆಂದರೆ ಆ ತಲೆ ಎಲ್ಲಿ ಅಡಗಿತ್ತು? ಟ್ರೆಂಬ್ಲೆಯ ಗ್ರಂಥ 1744ರಲ್ಲಿ ಪ್ರಕಟವಾದಾಗ ಈ ಪ್ರಶ್ನೆಗೆ ಸುಲಭದ ಉತ್ತರ ಯಾರ ಬಳಿಯೂ ಇರಲಿಲ್ಲ. 1768ರಲ್ಲಿ ಇಟಲಿಯ ಸ್ಪಲ್ಲಾಂಜಾನಿ, ಸಲಮಾಂಡರ್‌ಗಳ ಕಾಲು ಮತ್ತು ಗೊದಮೊಟ್ಟೆಗಳ ಬಾಲ ಮರಳಿ ಬೆಳೆಯುವುದನ್ನು ತೋರಿಸಿ, ಬೆನ್ನುಮೂಳೆಯ ಪ್ರಾಣಿಗಳಿಗೂ ಈ ಶಕ್ತಿಯಿದೆಯೆಂದು ಸ್ಥಾಪಿಸಿದ.

ಮುಂದೆ ಚಪ್ಪಟೆ ಹುಳು ಪ್ಲನೇರಿಯಾ ಮುನ್ನೆಲೆಗೆ ಬಂತು. ಅದರ ದೇಹದ 279ರಲ್ಲಿ ಒಂದು ಪಾಲಿನಷ್ಟು ಚೂರೂ ಪೂರ್ಣ ಹುಳುವಾಗಬಲ್ಲದೆಂದು ಟಿ. ಎಚ್. ಮಾರ್ಗನ್ ಲೆಕ್ಕ ಹಾಕಿದ. ಅವನ 1901ರ ಗ್ರಂಥ ಮರುಬೆಳವಣಿಗೆಯಲ್ಲಿ ಎರಡು ಬಗೆಗಳನ್ನು ಗುರುತಿಸಿತು: ಇದ್ದ ಅಂಗಾಂಶವನ್ನೇ ಹೊಸದಾಗಿ ಹೊಂದಿಸಿಕೊಳ್ಳುವುದು ಒಂದು, ಗಾಯದ ತುದಿಯಲ್ಲಿ ಹೊಸ ಅಂಗಾಂಶ ಬೆಳೆಸುವುದು ಇನ್ನೊಂದು. ಆಮೇಲೆ ಮಾರ್ಗನ್ ಹಣ್ಣಿನ ನೊಣದತ್ತ ಹೊರಳಿ, ವಂಶವಾಹಿ ಸಂಶೋಧನೆಗಾಗಿ 1933ರ ನೊಬೆಲ್ ಪಡೆದ. ಪ್ರಾಣಿ ಬದಲಾಯಿತು, ಅದರೊಂದಿಗೆ ಪ್ರಶ್ನೆಯೂ ಬದಲಾಯಿತು.

ಮಳೆಗಾಲದ ಗೊದಮೊಟ್ಟೆಗಳು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಜೀವಿ ಮೆಕ್ಸಿಕೊ ಮೂಲದ ಆಕ್ಸಲಾಟಲ್ ಎಂಬ ಸಲಮಾಂಡರ್. ಭಾರತದ ವಿಶ್ವವಿದ್ಯಾಲಯಗಳು ಕೈಗೆಟುಕುವ ಕಪ್ಪೆಗಳನ್ನು ನೆಚ್ಚಿದವು. 1978ರಲ್ಲಿ ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯದ ಐ. ಎ. ನಿಯಾಜಿ ಮತ್ತು ಎಸ್. ಸಕ್ಸೇನಾ, ನೆಲಗಪ್ಪೆಯ ಗೊದಮೊಟ್ಟೆಗಳ ಹಿಂಗಾಲು ಕತ್ತರಿಸಿ ಅವನ್ನು ಅಧಿಕ ಎ ಜೀವಸತ್ತ್ವದ ದ್ರಾವಣದಲ್ಲಿ ಬೆಳೆಸಿದರು. ಕಳೆದುಹೋದ ಭಾಗವಷ್ಟೇ ಬೆಳೆಯಬೇಕಾದಲ್ಲಿ ಉಳಿದಿದ್ದ ಭಾಗವೂ ಮತ್ತೊಮ್ಮೆ ಬೆಳೆಯಿತು. 1982ರಲ್ಲಿ ಬ್ರಿಟನ್ನಿನ ಮಾಲ್ಕಂ ಮೇಡನ್ ಆಕ್ಸಲಾಟಲ್‌ನಲ್ಲಿ ಇದೇ ಬಗೆಯ ಫಲ ಕಂಡರು: ಮಣಿಕಟ್ಟಿನ ಬಳಿ ಕತ್ತರಿಸಿದರೂ ಭುಜದಿಂದ ಹಿಡಿದು ಇಡೀ ಕೈ ಅಲ್ಲಿಂದ ಮೂಡಿತು.

ಇದರಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅಂಗ ಬೆಳೆಯುತ್ತದೆಯೇ ಎಂದು ಕೇಳುತ್ತಿದ್ದವರು, ಗಾಯದ ಬಳಿಯ ಕೋಶಕ್ಕೆ ತಾನು ದೇಹದ ಯಾವ ಭಾಗದಲ್ಲಿದ್ದೇನೆಂದು ಹೇಗೆ ತಿಳಿಯುತ್ತದೆ ಎಂದು ಕೇಳತೊಡಗಿದರು. ಆ ಅರಿವನ್ನು ಒಂದು ರಾಸಾಯನಿಕ ಅಳಿಸಿ ತಿದ್ದಬಲ್ಲದೆಂದು ಜೈಪುರದ ಗೊದಮೊಟ್ಟೆ ಸುಳಿವು ಕೊಟ್ಟಿತ್ತು.

ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯ ಇನ್ನೂ ಮುಂದೆ ಹೋಯಿತು. 1992ರಲ್ಲಿ ಪ್ರಿಯಂವದಾ ಮೊಹಂತಿ ಹೆಜಮಾಡಿ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಅಚ್ಚರಿಯ ಫಲಿತಾಂಶ ಪ್ರಕಟಿಸಿದರು. ಬಾಲ ಕತ್ತರಿಸಿದ ಗೊದಮೊಟ್ಟೆಗಳನ್ನು ಎ ಜೀವಸತ್ತ್ವದಲ್ಲಿಟ್ಟಾಗ ಬಾಲ ಇದ್ದಲ್ಲಿ ಹಿಂಗಾಲುಗಳು ಮೂಡಿದ್ದವು. ಬೆನ್ನುಮೂಳೆಯ ಪ್ರಾಣಿಯಲ್ಲಿ ಒಂದು ಅಂಗದ ಜಾಗದಲ್ಲಿ ಪೂರ್ತಿ ಬೇರೆಯೇ ಅಂಗ ಮೂಡಿಸಬಹುದೆಂದು ಇದು ತೋರಿಸಿತು. ಮರುವರ್ಷ ಮೇಡನ್ ಯುರೋಪಿನ ಕಪ್ಪೆಯಲ್ಲೂ ಇದನ್ನು ಖಚಿತಪಡಿಸಿದರು.

ಭುವನೇಶ್ವರದ ಪ್ರಯೋಗಕ್ಕೆ ಆಯ್ದುಕೊಂಡ ಜೀವಿ ಉಪೆರೊಡಾನ್ ಸಿಸ್ಟೋಮಾ. ಬೇಸಗೆಯುದ್ದಕ್ಕೂ ಮಣ್ಣಿನಡಿ ಹುದುಗಿದ್ದು, ಮಳೆ ಬಿದ್ದೊಡನೆ ಮೇಲೆ ಬಂದು ಮೈ ಉಬ್ಬಿಸಿ ಕೂಗುವ ಈ ದುಂಡು ಕಪ್ಪೆ ದಕ್ಷಿಣ ಭಾರತದ ಬಯಲುಸೀಮೆಗೂ ಸೇರಿದ್ದು. ಕಾಲು ಮೂಡುವುದೂ ಬಾಲ ಕರಗುವುದೂ ಗೊದಮೊಟ್ಟೆಯ ಬದುಕಿನಲ್ಲಿ ಒಂದರ ಹಿಂದೊಂದು ನಡೆಯುವ ಘಟನೆಗಳು. ಜೀವನವಿಡೀ ಬಾಲ ಉಳಿಸಿಕೊಳ್ಳುವ ಆಕ್ಸಲಾಟಲ್ ತೋರಿಸದ್ದನ್ನು ನಮ್ಮ ನೆಲದ ಕಪ್ಪೆ ತೋರಿಸಿತು.

ಬೆಂಗಳೂರು: ಅಂಗದಿಂದ ಕೋಶಕ್ಕೆ

ಮೂರನೆಯ ಘಟ್ಟದ ಪ್ರಶ್ನೆ, ಹೊಸ ಅಂಗವನ್ನು ಕಟ್ಟುವ ಕೋಶಗಳು ಯಾವುವು ಎಂಬುದು. ಪ್ಲನೇರಿಯಾದಲ್ಲಿ ಇವು ನಿಯೋಬ್ಲಾಸ್ಟ್ ಎಂಬ ಆಕರಕೋಶಗಳು (ಸ್ಟೆಮ್ ಸೆಲ್). ವಿಕಿರಣದಿಂದ ಆಕರಕೋಶಗಳನ್ನೆಲ್ಲ ಕಳೆದುಕೊಂಡ ಹುಳುವಿಗೆ ಇಂಥ ಒಂದೇ ಒಂದು ಕೋಶ ಸೇರಿಸಿದರೆ ಅದು ಇಡೀ ದೇಹವನ್ನು ಮರುಕಟ್ಟಬಲ್ಲದೆಂದು 2011ರಲ್ಲಿ ಅಮೆರಿಕದಲ್ಲಿ ಸಾಬೀತಾಯಿತು.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ ದಾಶರಥಿ ಪಾಲಕೊಡೇಟಿ ಅವರ ತಂಡ ಈ ಹುಳುವನ್ನೇ ಅಭ್ಯಾಸ ಮಾಡುತ್ತಿದೆ. ಮಿಆರ್-124 ಎಂಬ ಕಿರು ಆರ್‌ಎನ್‌ಎ ಕುಗ್ಗಿದರೆ, ಮರುಬೆಳೆಯುವ ಮಿದುಳು ಮತ್ತು ಕಣ್ಣಿನ ರಚನೆ ದಾರಿ ತಪ್ಪುತ್ತದೆಂದು ಈ ತಂಡ 2017ರಲ್ಲಿ ತೋರಿಸಿತು. ಅದೇ ವರ್ಷ ಆಕಾಶ್ ಗುಲ್ಯಾನಿ ಅವರೊಂದಿಗೆ ನಡೆದ ಅಧ್ಯಯನದಲ್ಲಿ, ತಲೆ ಕತ್ತರಿಸಿದ ಹುಳು ಕಣ್ಣಿಲ್ಲದೆಯೂ ನೇರಳಾತೀತ ಬೆಳಕಿನಿಂದ ದೂರ ಸರಿಯುವುದು ಕಂಡುಬಂತು. ಹೊಸ ಕಣ್ಣು ಬಂದ ಕೂಡಲೇ ನೋಟ ಪೂರ್ಣವಾಗುವುದಿಲ್ಲ. ಮೊದಲು ಬೆಳಕು, ಕತ್ತಲೆಗಳ ಅರಿವು ಮರಳುತ್ತದೆ. ಬೆಳಕಿನ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಶಕ್ತಿ ಆಮೇಲೆ ಬರುತ್ತದೆ. ಅಂಗ ಮರಳುವುದು ಬೇರೆ, ಅದರ ಕೆಲಸ ಮರಳುವುದು ಬೇರೆ ಎಂಬ ಈ ತಿಳಿವಳಿಕೆ, ಮಾನವ ಚಿಕಿತ್ಸೆಯ ಕನಸು ಕಾಣುವವರೆಲ್ಲ ಮನಸ್ಸಿನಲ್ಲಿಡಬೇಕಾದದ್ದು.

ಪಕ್ಕದ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಕೆ. ವಿಜಯರಾಘವನ್ ಅವರ ತಂಡ, ಬೆಳೆದ ಹಣ್ಣಿನ ನೊಣದ ಹಾರಾಟದ ಸ್ನಾಯುವಿನಲ್ಲೂ ಗಾಯವಾದಾಗ ಎಚ್ಚೆತ್ತು ವಿಭಜಿಸುವ ಆಕರಕೋಶಗಳಿವೆಯೆಂದು 2017ರಲ್ಲಿ ವರದಿ ಮಾಡಿತು. ಕಪ್ಪೆಯ ಸ್ನಾಯುವಿನಲ್ಲಿ ಇಂಥ ಕೋಶಗಳನ್ನು ಅಲೆಕ್ಸಾಂಡರ್ ಮೌರೊ 1961ರಲ್ಲೇ ಕಂಡಿದ್ದರು.

ಉಪಸಂಹಾರ: ಕುದಾಪುರದ ಸಾಧ್ಯತೆ

ನಾಯಕನಹಟ್ಟಿಗೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಚಳ್ಳಕೆರೆ ಆವರಣವಿದೆ. ಒಂದು ಕಾಲಕ್ಕೆ ಅಮೃತಮಹಲ್ ರಾಸುಗಳು ಮೇಯುತ್ತಿದ್ದ ಕಾವಲು ನೆಲವಿದು. ಇಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಶಾಲೆ, ಕಾಲೇಜುಗಳ ವಿಜ್ಞಾನ ಶಿಕ್ಷಕರು ಉಳಿದು, ಪ್ರಯೋಗಗಳನ್ನು ಸ್ವತಃ ಮಾಡಿ ಕಲಿಯುತ್ತಾರೆ. ಹತ್ತಿರದ ಜೀವಿಯನ್ನು ಆಯ್ದುಕೊಂಡರೆ ಹೊಸ ಪ್ರಶ್ನೆ ಹುಟ್ಟುತ್ತದೆಂಬ ಮೇಲಿನ ಚರಿತ್ರೆಯ ಪಾಠ ಈ ಶಿಕ್ಷಕರಿಗೆ ನೇರವಾಗಿ ಸಲ್ಲುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

2011ರಲ್ಲಿ ಪುಣೆಯ ಅಗರಕರ್ ಸಂಶೋಧನಾ ಸಂಸ್ಥೆಯ ಸುರೇಂದ್ರ ಘಸ್ಕಡ್ಬಿ ಮತ್ತು ಸಂಗಡಿಗರು ಭಾರತದ ಹೈಡ್ರಾವನ್ನು ವಿವರಿಸಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಆ ಪತ್ರಿಕೆ 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. ಮೊದಲ ಸಂಪಾದಕರಾದ ಸಿ. ಆರ್. ನಾರಾಯಣರಾವ್ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಅಧ್ಯಾಪಕರು, ನಮ್ಮ ನಾಡಿನ ಕಪ್ಪೆಗಳನ್ನು ಶ್ರದ್ಧೆಯಿಂದ ವರ್ಣಿಸಿದವರು. ಹತ್ತಿರದ ಜೀವಿಯನ್ನು ಗಮನಿಸುವ ಪರಂಪರೆ ನಮ್ಮಲ್ಲಿ ಹೊಸದಲ್ಲ.

ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಕೆರೆ ಕಟ್ಟಿಸಿದ ಪುಣ್ಯಪುರುಷರೆಂದೇ ಜನ ತಿಪ್ಪೇರುದ್ರಸ್ವಾಮಿಯನ್ನು ನೆನೆಯುವ ಊರು ನಾಯಕನಹಟ್ಟಿ. ಕೆರೆಗೆ ನೀರು ಬಂದ ವರ್ಷ ಜಲಸಸ್ಯಗಳ ಎಲೆಯಡಿ ಹೈಡ್ರಾ ಇದೆಯೇ ಎಂದು ಮಕ್ಕಳೊಡನೆ ಹುಡುಕಬೇಕು. ಸಿಕ್ಕರೆ, ಕಪ್ಪೆಗೂ ಹಲ್ಲಿಗೂ ನೋವು ಕೊಡದೆ, ಒಂದು ಬ್ಲೇಡು ಮತ್ತು ಭೂತಗನ್ನಡಿಯಿಂದ ಪ್ರಯೋಗ ನಡೆಸಬಹುದು. ಎರಡು ಮೂರು ದಿನಗಳಲ್ಲಿ ಕತ್ತರಿಸಿದ ತುಂಡಿಗೆ ತಲೆ ಬರುತ್ತದೆ. 1740ರಲ್ಲಿ ಈ ವಿಜ್ಞಾನಕ್ಕೆ ತಿರುವು ಕೊಟ್ಟವರು ಒಬ್ಬ ಮೇಷ್ಟರು ಮತ್ತು ಇಬ್ಬರು ಹುಡುಗರು. ಅವರ ಬಳಿ ಇದ್ದದ್ದೂ ಹಳ್ಳದ ನೀರು ಮತ್ತು ಗಾಜಿನ ಪಾತ್ರೆ.