ಜಾಲತಾಣ ಸಂದರ್ಶಕರ ವಿಶ್ಲೇಷಣೆ

ಜಾಲತಾಣ ಸಂದರ್ಶಕರ ವಿಶ್ಲೇಷಣೆ ಎಂದರೆ ಒಂದು ಜಾಲತಾಣಕ್ಕೆ ಎಷ್ಟು ಮಂದಿ ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಯಾವ ಪುಟಗಳನ್ನು ನೋಡುತ್ತಾರೆ ಹಾಗೂ ಯಾವ ಪುಟದಿಂದ ನಿರ್ಗಮಿಸುತ್ತಾರೆ ಎಂಬುದನ್ನು ಅದರ ಒಡೆಯರು ಅಳೆದು ಅರ್ಥೈಸುವ ಕ್ರಮ. ಇದನ್ನು ವೆಬ್ ಅನಲಿಟಿಕ್ಸ್ ಎಂದೂ ಕರೆಯಲಾಗುತ್ತದೆ. ಇದಕ್ಕೆ ಮುಖ್ಯವಾಗಿ ನಾಲ್ಕು ಮಾರ್ಗಗಳಿವೆ: ಸರ್ವರ್ ದಾಖಲೆಗಳ ಪರಿಶೀಲನೆ, ಪುಟದಲ್ಲಿ ಅಳವಡಿಸಿದ ಸಂಕೇತ, ಹುಡುಕುತಾಣಗಳ ವರದಿ ಮತ್ತು ಸಂದರ್ಶಕರನ್ನೇ ನೇರವಾಗಿ ಕೇಳುವುದು. ಎಣಿಕೆಯೊಂದಿಗೆ ಓದುಗರ ಖಾಸಗಿತನದ ಪ್ರಶ್ನೆಯೂ ಬೆಸೆದುಕೊಂಡಿರುವುದರಿಂದ ಹಲವು ದೇಶಗಳಲ್ಲಿ ಈ ಕ್ರಮವು ಕಾನೂನಿನ ವ್ಯಾಪ್ತಿಗೆ ಒಳಪಟ್ಟಿದೆ.

ಇತಿಹಾಸ

೧೯೯೩ರಲ್ಲಿ ಸರ್ನ್ ಸಂಸ್ಥೆಯು ವಿಶ್ವವ್ಯಾಪಿ ಜಾಲದ ತಂತ್ರಾಂಶವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿದ ಬಳಿಕ ಜಾಲತಾಣಗಳ ಸಂಖ್ಯೆ ವೇಗವಾಗಿ ಬೆಳೆಯಿತು. ಆರಂಭದ ದಿನಗಳಲ್ಲಿ ಸರ್ವರ್ ಗಣಕವು ತಾನಾಗಿಯೇ ಬರೆದಿಡುತ್ತಿದ್ದ ದಾಖಲೆಯೇ ಸಂದರ್ಶಕರ ಬಗೆಗಿನ ಮುಖ್ಯ ಮಾಹಿತಿಯಾಗಿತ್ತು. ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಕುಕಿಯನ್ನು ರೂಪಿಸಿದರು. ನೆಟ್‌ಸ್ಕೇಪ್ ಜಾಲತಾಣಕ್ಕೆ ಬಂದವರು ಹಿಂದೆಯೂ ಬಂದಿದ್ದವರೇ ಎಂಬುದನ್ನು ತಿಳಿಯುವುದು ಅದರ ಮೊದಲ ಬಳಕೆಗಳಲ್ಲಿ ಒಂದಾಗಿತ್ತು. ೨೦೦೫ರಲ್ಲಿ ಗೂಗಲ್ ಸಂಸ್ಥೆಯು ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಸೇವೆಯನ್ನು ಉಚಿತವಾಗಿ ಆರಂಭಿಸಿತು. ಮುಕ್ತ ಆಕರದ ಪಿವಿಕ್ ತಂತ್ರಾಂಶವು ೨೦೦೭ರಲ್ಲಿ ಹುಟ್ಟಿ, ೨೦೧೮ರಲ್ಲಿ ಮಟೊಮೊ ಎಂಬ ಹೆಸರು ಪಡೆಯಿತು.

ಸರ್ವರ್ ದಾಖಲೆಗಳು

ಓದುಗರ ಬ್ರೌಸರ್ ಒಂದು ಪುಟವನ್ನು ಕೋರಿದಾಗ ಸರ್ವರ್ ತನ್ನ ಕಡತದಲ್ಲಿ ಒಂದು ಸಾಲನ್ನು ಬರೆದುಕೊಳ್ಳುತ್ತದೆ. ಸಾಮಾನ್ಯವಾಗಿ ಆ ಸಾಲಿನಲ್ಲಿ ಐಪಿ ವಿಳಾಸ, ದಿನಾಂಕ ಮತ್ತು ವೇಳೆ, ಕೋರಿದ ಕಡತದ ಹೆಸರು, ಸ್ಥಿತಿಸಂಕೇತ, ಬ್ರೌಸರ್‌ನ ವಿವರ ಹಾಗೂ ಓದುಗರು ಯಾವ ಕೊಂಡಿಯ ಮೂಲಕ ಬಂದರು ಎಂಬ ಸೂಚನೆ ಇರುತ್ತವೆ. ಸ್ಥಿತಿಸಂಕೇತ ೨೦೦ ಆಗಿದ್ದರೆ ಪುಟ ದೊರೆತಿದೆ ಎಂದೂ ೪೦೪ ಆಗಿದ್ದರೆ ದೊರೆತಿಲ್ಲವೆಂದೂ ಅರ್ಥ. ೪೦೪ ಸಂಕೇತವುಳ್ಳ ಸಾಲುಗಳನ್ನು ಗಮನಿಸಿದರೆ ಮುರಿದ ಕೊಂಡಿಗಳು ಪತ್ತೆಯಾಗುತ್ತವೆ. ಎಡಬ್ಲ್ಯುಸ್ಟ್ಯಾಟ್ಸ್, ವೆಬಲೈಸರ್ ಮೊದಲಾದ ತಂತ್ರಾಂಶಗಳು ಈ ದಾಖಲೆಗಳನ್ನು ಕೋಷ್ಟಕಗಳಾಗಿ ಪರಿವರ್ತಿಸುತ್ತವೆ.

ಈ ಕಡತದ ಸಾಲುಗಳ ಸಂಖ್ಯೆಯೇ ಓದುಗರ ಸಂಖ್ಯೆಯಲ್ಲ. ಹತ್ತು ಚಿತ್ರಗಳಿರುವ ಒಂದು ಪುಟವನ್ನು ಒಬ್ಬರು ತೆರೆದರೆ ಪುಟಕ್ಕೆ ಒಂದು, ಚಿತ್ರಗಳಿಗೆ ಹತ್ತು, ಹೀಗೆ ಹನ್ನೊಂದು ಸಾಲುಗಳು ದಾಖಲಾಗಬಹುದು. ಹುಡುಕುತಾಣಗಳ ಬಾಟ್‌ಗಳ ಭೇಟಿಯೂ ಇದೇ ಕಡತದಲ್ಲಿ ಸೇರುತ್ತದೆ.

ಪುಟದಲ್ಲಿ ಅಳವಡಿಸಿದ ಸಂಕೇತ

ಈ ವಿಧಾನದಲ್ಲಿ ಪುಟದೊಳಗೆ ಚಿಕ್ಕ ಜಾವಾಸ್ಕ್ರಿಪ್ಟ್ ಸಂಕೇತವೊಂದನ್ನು ಸೇರಿಸಲಾಗುತ್ತದೆ. ಪುಟ ತೆರೆದೊಡನೆ ಅದು ಬ್ರೌಸರ್‌ನಲ್ಲಿ ಚಾಲನೆಗೊಂಡು ಪರದೆಯ ಅಳತೆ, ಭಾಷೆ, ಪುಟದಲ್ಲಿ ಕಳೆದ ಸಮಯ, ಒತ್ತಿದ ಕೊಂಡಿ ಮುಂತಾದ ವಿವರಗಳನ್ನು ಎಣಿಕೆಯ ಸರ್ವರ್‌ಗೆ ಕಳುಹಿಸುತ್ತದೆ. ಕುಕಿಯಲ್ಲಿರುವ ಗುರುತುಸಂಖ್ಯೆಯ ನೆರವಿನಿಂದ ಮರಳಿ ಬಂದ ಬ್ರೌಸರನ್ನು ಗುರುತಿಸಲಾಗುತ್ತದೆ. ಗೂಗಲ್ ಅನಲಿಟಿಕ್ಸ್‌ನ ರೂಢಿಯ ಹೊಂದಿಕೆಯಲ್ಲಿ ೩೦ ನಿಮಿಷ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಒಂದು ಭೇಟಿ ಮುಗಿದಂತೆ ಲೆಕ್ಕ. ಈ ಸೇವೆಯನ್ನು ಬಳಸಿದಾಗ ಓದುಗರ ವಿವರಗಳು ಮೂರನೆಯ ಸಂಸ್ಥೆಯ ಗಣಕಗಳಿಗೆ ತಲುಪುತ್ತವೆ. ಮಟೊಮೊ ತಂತ್ರಾಂಶವನ್ನು ಒಡೆಯರು ತಮ್ಮದೇ ಸರ್ವರ್‌ನಲ್ಲಿ ಸ್ಥಾಪಿಸಿಕೊಂಡರೆ ದತ್ತಾಂಶವು ಅವರ ಬಳಿಯೇ ಉಳಿಯುತ್ತದೆ.

ಹುಡುಕುತಾಣಗಳ ವರದಿ ಮತ್ತು ನೇರ ಪ್ರಶ್ನೆ

ಹಿಂದೆ ಓದುಗರು ಹುಡುಕಿದ ಪದಗಳು ಕೊಂಡಿಯೊಂದಿಗೇ ಜಾಲತಾಣಕ್ಕೆ ತಿಳಿಯುತ್ತಿದ್ದವು. ೨೦೧೧ರಿಂದ ಗೂಗಲ್ ಹುಡುಕಾಟವನ್ನು ಹಂತಹಂತವಾಗಿ ಗೂಢಲಿಪೀಕರಿಸಿದ್ದರಿಂದ ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಈಗ ಒಡೆಯರು ಗೂಗಲ್ ಸರ್ಚ್ ಕನ್ಸೋಲ್ ಸೇವೆಯಲ್ಲಿ ಒಟ್ಟಾರೆ ಅಂಕಿಗಳನ್ನಷ್ಟೇ ಕಾಣಬಹುದು.

ಯಂತ್ರದ ಎಣಿಕೆಯು ಓದುಗರು ಏನು ಮಾಡಿದರೆಂಬುದನ್ನು ತಿಳಿಸುತ್ತದೆಯೇ ಹೊರತು ಏಕೆ ಮಾಡಿದರೆಂಬುದನ್ನು ತಿಳಿಸುವುದಿಲ್ಲ. ಪುಟದಲ್ಲಿ ಹತ್ತು ನಿಮಿಷ ಕಳೆದವರು ಆಸಕ್ತಿಯಿಂದ ಓದಿರಬಹುದು, ಬೇಕಾದುದು ಸಿಗದೆ ಪರದಾಡಿರಲೂಬಹುದು. ಈ ಕೊರತೆಯನ್ನು ಚಿಕ್ಕ ಪ್ರಶ್ನಾವಳಿ ಹಾಗೂ ಸಂದರ್ಶನಗಳು ತುಂಬುತ್ತವೆ. ಆದರೆ ಉತ್ತರಿಸಲು ಮುಂದಾಗುವವರು ಎಲ್ಲ ಓದುಗರನ್ನೂ ಪ್ರತಿನಿಧಿಸುವುದಿಲ್ಲ.

ಎಣಿಕೆಯ ಮಿತಿಗಳು

ಅನನ್ಯ ಸಂದರ್ಶಕ ಎಂದು ವರದಿಗಳು ಕರೆಯುವುದು ಸಾಮಾನ್ಯವಾಗಿ ಒಂದು ಬ್ರೌಸರನ್ನು, ವ್ಯಕ್ತಿಯನ್ನಲ್ಲ. ಒಬ್ಬರೇ ಮೊಬೈಲ್ ಮತ್ತು ಗಣಕ ಎರಡರಿಂದಲೂ ಬಂದರೆ ಇಬ್ಬರೆಂದು ಎಣಿಕೆಯಾಗಬಹುದು. ಶಾಲೆಯ ಒಂದೇ ಗಣಕವನ್ನು ನಲವತ್ತು ಮಕ್ಕಳು ಸರದಿಯಂತೆ ಬಳಸಿದರೆ ಒಬ್ಬರೆಂದೇ ಎಣಿಕೆಯಾಗಬಹುದು. ಐಪಿ ವಿಳಾಸದಿಂದ ಊಹಿಸಿದ ಊರು ಹಲವು ವೇಳೆ ತಪ್ಪಾಗಿರುತ್ತದೆ. ಭಾಷೆಯ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಮೊಬೈಲಿನ ಹೊಂದಿಕೆಯನ್ನು ಇಂಗ್ಲಿಷ್‌ನಲ್ಲಿಟ್ಟುಕೊಂಡು ಕನ್ನಡ ಪುಟಗಳನ್ನು ಓದುವವರು ವರದಿಯಲ್ಲಿ ಇಂಗ್ಲಿಷ್ ಬಳಕೆದಾರರಾಗಿ ಕಾಣಿಸಿಕೊಳ್ಳುತ್ತಾರೆ. ಅಂತಹ ಅಂಕಿಯನ್ನೇ ನಂಬಿದರೆ ಕನ್ನಡ ಓದುಗರ ಸಂಖ್ಯೆ ಇರುವುದಕ್ಕಿಂತ ಕಡಿಮೆ ತೋರುತ್ತದೆ.

ಖಾಸಗಿತನ

ಹೆಸರನ್ನು ತೆಗೆದುಹಾಕಿದ ಮಾತ್ರಕ್ಕೆ ದತ್ತಾಂಶ ಅನಾಮಿಕವಾಗುವುದಿಲ್ಲ. ೨೦೦೬ರ ಆಗಸ್ಟ್‌ನಲ್ಲಿ ಎಒಎಲ್ ಸಂಸ್ಥೆಯು ಸುಮಾರು ೬,೫೦,೦೦೦ ಬಳಕೆದಾರರ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆಗಳನ್ನಿಟ್ಟು, ಸಂಶೋಧನೆಗಾಗಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಹುಡುಕಿದ ಪದಗಳನ್ನಷ್ಟೇ ಆಧರಿಸಿ ಒಬ್ಬ ಮಹಿಳೆಯನ್ನು ಗುರುತಿಸಿದರು. ೨೦೧೦ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನಡೆಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಬ್ರೌಸರ್‌ಗಳ ಪೈಕಿ ಶೇ. ೮೩.೬ರಷ್ಟನ್ನು ಅವುಗಳ ಹೊಂದಿಕೆಗಳಿಂದಲೇ ಬೇರ್ಪಡಿಸಿ ಗುರುತಿಸಬಹುದಾಗಿತ್ತು. ಈ ವಿಧಾನಕ್ಕೆ ಕುಕಿಯ ಅಗತ್ಯವಿಲ್ಲದ ಕಾರಣ ಕುಕಿಯನ್ನು ಅಳಿಸಿದ ಓದುಗರೂ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಕಾನೂನು

ಯುರೋಪಿಯನ್ ಒಕ್ಕೂಟದ ಜಿಡಿಪಿಆರ್ ನಿಯಮವು ೨೦೧೮ರ ಮೇ ೨೫ರಿಂದ ಅನ್ವಯವಾಗುತ್ತಿದೆ. ಮೊದಲೇ ಗುರುತು ಹಾಕಿಟ್ಟ ಚೌಕವು ಕುಕಿಗೆ ನೀಡಿದ ಸಮ್ಮತಿಯೆನಿಸದು ಎಂದು ೨೦೧೯ರಲ್ಲಿ ಒಕ್ಕೂಟದ ನ್ಯಾಯಾಲಯ ತೀರ್ಪಿತ್ತಿತು.

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಸಮ್ಮತಿ ಕೋರುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡವೂ ಆ ಅನುಸೂಚಿಯಲ್ಲಿದೆ. ೧೮ ವರ್ಷ ತುಂಬದವರ ನಡವಳಿಕೆಯನ್ನು ಹಿಂಬಾಲಿಸುವುದನ್ನು ಕಾಯಿದೆಯು ಸಾಮಾನ್ಯವಾಗಿ ನಿಷೇಧಿಸುತ್ತದೆ. ಕಾಯಿದೆಯಡಿ ವಿಧಿಸಬಹುದಾದ ಗರಿಷ್ಠ ದಂಡ ೨೫೦ ಕೋಟಿ ರೂಪಾಯಿ.

ಇವನ್ನೂ ನೋಡಿ

ಕುಕಿ
ಐಪಿ ವಿಳಾಸ
ಹುಡುಕುತಾಣ
ಖಾಸಗಿತನದ ಹಕ್ಕು